ಟೀಚರ್ ಬಿಟ್ರೆ ಪ್ರಾಕ್ಸಿ ಯಾರ ತಲೆಗೆ?

ಮೇ ಬಂತು ಅಂದ್ರೆ ಫೋನ್ ಶುರು. "ಮೇಡಂ, ಮ್ಯಾಥ್ಸ್ ಟೀಚರ್ ಬಿಟ್ರು, ಯಾರಾದ್ರೂ ಉಂಟಾ?" ಹೋದ ವರ್ಷಾನೂ ಇದೇ ಸ್ಕೂಲು, ಇದೇ ಪೋಸ್ಟು. ಯಾಕೆ ಬಿಟ್ರು ಅಂದ್ರೆ "ಸಂಬಳ ಸಾಲ್ಲಿಲ್ಲ ಅಂತ ಕಾಣ್ತದೆ, ಇರ್ಲಿ ಬಿಡಿ, ಇನ್ನೊಬ್ರು ಸಿಗ್ತಾರೆ." ಮುಂಬೈಯ ಸ್ಕೂಲುಗಳಿಗೆ ಟೈಮ್‌ಟೇಬಲ್, ಸ್ಟಾಫಿಂಗ್ ನೋಡಿಕೊಡೋ ನನಗೆ ಈ ಕೊನೇ ಮಾತು ಕೇಳಿದ್ರೇ ಮೈ ಉರೀತದೆ.

ಸಿಗ್ತಾರೆ, ಇಲ್ಲ ಅಂದವ್ರಾರು. ಅಷ್ಟರ ತನಕ ಹೋದವರ ಪೀರಿಯಡ್‌ಗಳು ಎಲ್ಲಿಗೆ ಹೋಗ್ತವೆ? ಉಳಿದವರ ತಲೆಗೆ, ಪ್ರಾಕ್ಸಿ ಅಂತ. ನೋಟ್‌ಬುಕ್ ತಿದ್ದೋ ಫ್ರೀ ಪೀರಿಯಡ್ ಹೋಯ್ತು, ಪುಸ್ತಕದ ಗಂಟು ಮನೆಗೆ ಬಂತು, ದೀಪಾವಳಿ ಹೊತ್ತಿಗೆ ಇನ್ನೊಬ್ರ ರಾಜೀನಾಮೆ. ಒಬ್ಬ ಟ್ರಸ್ಟಿಗೆ ಇದು ಎಷ್ಟು ಹೇಳಿದ್ರೂ ತಲೆಗೆ ಹೋಗ್ಲಿಲ್ಲ. ಅವರದ್ದು ಹೋಟೆಲು. ಕಡೆಗೆ ಹೇಳ್ದೆ, ಮಾರಾಯ್ರೆ, ದೋಸೆ ಭಟ್ರು ಬಿಟ್ರು ಅಂತ ಚಹಾ ಮಾಡೋನನ್ನ ಕಾವಲಿ ಮುಂದೆ ನಿಲ್ಸಿದ್ರೆ ದೋಸೆಯೂ ಕೆಡ್ತದೆ, ಚಹಾನೂ ಕೆಡ್ತದೆ, ಅಲ್ವಾ? ಆಗ ಸುಮ್ಮನಾದ್ರು.

ನನ್ನ ತಲೆಯಿಂದ ಹುಟ್ಟಿದ ಮಾತಲ್ಲ ಇದು. ರಾನ್‌ಫೆಲ್ಟ್, ಲೋಬ್, ವೈಕಾಫ್ ಅನ್ನೋ ಮೂವರು ಸಂಶೋಧಕರು ನ್ಯೂಯಾರ್ಕ್ ಸಿಟಿಯ 4, 5ನೇ ಕ್ಲಾಸಿನ ಎಂಟು ವರ್ಷದ ಮಾರ್ಕ್ಸ್ ಹಿಡ್ಕೊಂಡು 2013ರಲ್ಲಿ ಒಂದು ಪೇಪರ್ ಬರೆದ್ರು. ಟೀಚರ್‌ಗಳು ಜಾಸ್ತಿ ಬಿಟ್ಟ ಕಡೆ ಇಂಗ್ಲಿಷು, ಲೆಕ್ಕ ಎರಡೂ ಕುಸಿದಿತ್ತು, ಬಿಡದೆ ಉಳಿದ ಟೀಚರ್‌ಗಳ ಮಕ್ಕಳದ್ದೂ ಕುಸಿದಿತ್ತು. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಕೂರ್ತದೆ ಅಂತ ನಾನು ಹೇಳೋದಿಲ್ಲ, ಆದ್ರೆ ಪ್ರಾಕ್ಸಿ ರಿಜಿಸ್ಟರ್ ನೋಡಿದವ್ರಿಗೆ ಆಶ್ಚರ್ಯ ಏನೂ ಆಗ್ಲಿಕ್ಕಿಲ್ಲ.

ಸಂಬಳ ಮುಖ್ಯ ಅಲ್ಲ ಅಂತಲೂ ಅಲ್ಲ ಮತ್ತೆ, ಹಾಗಂತ ಹೇಳಿ ನನ್ನ ಹೆಸರಲ್ಲಿ ಇನ್‌ಕ್ರಿಮೆಂಟ್ ತಪ್ಪಿಸ್ಬೇಡಿ. ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದಲ್ಲಿ 2001ರಿಂದ ಮೂರು ವರ್ಷ, ಬಡ ಮಕ್ಕಳ ಸ್ಕೂಲುಗಳ ಮ್ಯಾಥ್ಸ್, ಸೈನ್ಸ್ ಟೀಚರ್‌ಗಳಿಗೆ ವರ್ಷಕ್ಕೆ 1,800 ಡಾಲರ್ ಬೋನಸ್ ಕೊಟ್ಟಾಗ ಬಿಟ್ಟು ಹೋಗೋದು ಸುಮಾರು 17% ಇಳೀತು. ನಮ್ಮ ಮಹಾರಾಷ್ಟ್ರದಲ್ಲಿ ಪ್ರೈಮರಿ ಶಿಕ್ಷಣ ಸೇವಕರಿಗೆ, ಅಂದ್ರೆ ಹೊಸದಾಗಿ ಸೇರಿ ಮೊದಲ ಕೆಲವು ವರ್ಷ ಗೌರವಧನದಲ್ಲೇ ದುಡಿಯೋ ಟೀಚರ್‌ಗಳಿಗೆ, ತಿಂಗಳಿಗೆ 6,000 ರೂಪಾಯಿ ಅಂತಲೇ ವರ್ಷಗಟ್ಟಲೆ ಇತ್ತು, 2023ರಲ್ಲಿ 16,000 ಆಯ್ತು. ಆದ್ರೆ ಇಂಗರ್‌ಸಾಲ್ ಅನ್ನೋ ಅಮೆರಿಕದ ಸಂಶೋಧಕರು 2001ರಲ್ಲೇ ತೋರ್ಸಿದ್ರು, ಸಂಬಳದ ಜೊತೆಗೆ ಮ್ಯಾನೇಜ್‌ಮೆಂಟ್ ಬೆನ್ನಿಗೆ ನಿಲ್ಲೋದಿಲ್ಲ, ತೀರ್ಮಾನ ಮಾಡುವಾಗ ತಮ್ಮನ್ನ ಯಾರೂ ಕೇಳೋದಿಲ್ಲ ಅನ್ನೋದಕ್ಕೂ ಟೀಚರ್‌ಗಳು ಬಿಡ್ತಾರೆ ಅಂತ.

ಕೇಳೋದು ಅಂದ್ರೆ ದೊಡ್ಡ ಸಂಗತಿ ಏನಲ್ಲ. ಮುಂಬೈಯಿಂದ ದೂರದ ಬದ್ಲಾಪುರದಿಂದ ಬರ್ತಿದ್ದ ಒಬ್ಬ ಟೀಚರ್, ಏಳು ಗಂಟೆ ಸ್ಕೂಲು, ಲೋಕಲ್ ಟ್ರೇನ್ ಹತ್ತು ನಿಮಿಷ ಲೇಟಾದ್ರೆ ಲೇಟ್ ಮಾರ್ಕ್, ಮೂರಾದ್ರೆ ಅರ್ಧ ದಿನದ ರಜೆ ಕಟ್. ರಾಜೀನಾಮೆ ಬರೆದು ತಂದಿದ್ರು, ನಾನು ಕೂರ್ಸಿ ಕೇಳ್ದೆ. ಅವರ ಮೊದಲ ಪೀರಿಯಡ್ ಕೊನೆಗೆ ಹಾಕಿದ್ವಿ, ಅಷ್ಟೇ. ನಾಲ್ಕು ವರ್ಷ ಆಯ್ತು, ಇದ್ದಾರೆ, ಈಗ ಸ್ಟಾಫ್ ರೂಮಲ್ಲಿ ನನ್ನನ್ನೇ ಜೋರು ಮಾಡ್ತಾರೆ.

ಈ ಸಲ ಫೋನ್ ಮಾಡೋರು ಜಾಹೀರಾತು ಕೊಡೋ ಮೊದ್ಲು ಪ್ರಾಕ್ಸಿ ರಿಜಿಸ್ಟರ್ ತಗೊಂಡು ಬನ್ನಿ, ಜೂನ್‌ನಿಂದ ಫೆಬ್ರವರಿ ತನಕದ್ದು, ಯಾರ ಹೆಸರು ಎಷ್ಟು ಸಲ ಉಂಟು ಅಂತ ಎಣಿಸಿಟ್ಟುಕೊಂಡೇ ಬನ್ನಿ.