ಕಚ್ಚಿದ ಮೇಲೂ ಕೆಲಸ ಮಾಡುವ ಲಸಿಕೆ

ಲಸಿಕೆ ಅಂದರೆ ರೋಗ ತಗಲುವ ಮೊದಲೇ ಹಾಕಿಸಿಕೊಳ್ಳುವಂಥದ್ದು. ದಡಾರದ ವೈರಸ್ ಮೈಹೊಕ್ಕು ವಾರವಾದ ಮೇಲೆ ಲಸಿಕೆಗೆ ಓಡಿದರೆ ಉಪಯೋಗವಿಲ್ಲ. ಆದರೆ ನಾಯಿ ಕಚ್ಚಿದ ಮೇಲೆ ರೇಬೀಸ್ ಲಸಿಕೆ ಶುರು ಮಾಡಿದರೂ ಜೀವ ಉಳಿಯುತ್ತದೆ. ಇದು ಹೇಗೆ ಸಾಧ್ಯ ಅಂತ ಯೋಚಿಸಿದ್ದೀರಾ? ನನಗಂತೂ ಈ ಕಥೆ ಎಷ್ಟು ಸಲ ಓದಿದರೂ ಸಾಕಾಗುವುದಿಲ್ಲ.

ಎಷ್ಟೋ ವೈರಸ್‌ಗಳು ರಕ್ತದಲ್ಲಿ ತೇಲಿಕೊಂಡು ಮೈಯೆಲ್ಲಾ ಹರಡುತ್ತವೆ. ರಕ್ತ ಒಂದು ಸುತ್ತು ಬರಲು ಹೆಚ್ಚುಕಡಿಮೆ ಒಂದು ನಿಮಿಷ ಸಾಕು. ರೇಬೀಸ್ ವೈರಸ್ ಆ ಹೆದ್ದಾರಿ ಬಿಟ್ಟು ಕಾಲುದಾರಿ ಹಿಡಿಯುತ್ತದೆ. ಜೊಲ್ಲಿನ ಜೊತೆ ಗಾಯಕ್ಕಿಳಿದು, ಸ್ನಾಯುವಿನಲ್ಲಿ ಸ್ವಲ್ಪ ಕಾಲ ತಂಗಿ, ನರದ ತುದಿ ಸಿಕ್ಕಾಗ ಒಳಗೆ ನುಸುಳುತ್ತದೆ. ಪಾದದಿಂದ ಬೆನ್ನುಹುರಿಯವರೆಗಿನ ನರದ ಎಳೆ ಒಂದೇ ಜೀವಕೋಶದ್ದು, ಸುಮಾರು ಒಂದು ಮೀಟರ್ ಉದ್ದ. ತುದಿಯಿಂದ ಕೇಂದ್ರಕ್ಕೆ ಸಾಮಾನು ಸಾಗಿಸಲು ಅದರೊಳಗೆ ಹಳಿಗಳಿವೆ. ಹಳಿ ಮೇಲೆ ಡೈನೀನ್ ಎಂಬ ಪ್ರೋಟೀನ್ ಎರಡು ಕಾಲಿನ ಕೂಲಿಯಂತೆ ಹೊರೆ ಹೊತ್ತು ನಡೆಯುತ್ತದೆ. ಒಂದು ಹೆಜ್ಜೆ ಅಂದರೆ ಸುಮಾರು 8 ನ್ಯಾನೋಮೀಟರ್. ತಲೆಗೂದಲಿನ ದಪ್ಪದಷ್ಟು ದೂರ ದಾಟಲು 10,000 ಹೆಜ್ಜೆ ಬೇಕು! ವೈರಸ್ ಈ ಕೂಲಿಯ ಹೆಗಲೇರುತ್ತದೆ. ಅಕ್ಕಿಮೂಟೆಯೊಳಗೆ ಅಡಗಿ ಕೋಟೆ ಸೇರುವ ಕಳ್ಳನ ಹಾಗೆ. ಹೊರಗೆ ಕಾವಲಿರುವ ಪ್ರತಿಕಾಯಗಳ (ರೋಗಾಣುವನ್ನು ಹಿಡಿದು ತಡೆಯಲು ದೇಹ ಮಾಡುವ ಪ್ರೋಟೀನ್‌ಗಳ) ಕಣ್ಣಿಗೆ ಆಮೇಲೆ ಅದು ಬೀಳುವುದು ಕಷ್ಟ.

ಹಾಗಾಗಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 2–3 ತಿಂಗಳು ಬೇಕು. ಒಂದೊಂದು ಸಲ ವಾರ, ಒಂದೊಂದು ಸಲ ವರ್ಷಕ್ಕೂ ಜಾಸ್ತಿ. ಕಚ್ಚಿದ ಮೇಲೆ ಹಾಕಿದ ಲಸಿಕೆಗೆ ಕೆಲಸ ಮಾಡಲು ಸಿಗುವ ಸಮಯ ಇದೇ. ಮುಖಕ್ಕೆ ಕಚ್ಚಿದರೆ ದಾರಿ ಚಿಕ್ಕದು, ಅಪಾಯ ಹೆಚ್ಚು. ಮಿದುಳು ತಲುಪಿ ಲಕ್ಷಣ ಶುರುವಾದರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ವರ್ಷಕ್ಕೆ ಸುಮಾರು 59,000 ಜನ ಹೀಗೆ ಸಾಯುತ್ತಾರೆ ಎಂಬ ಅಂದಾಜಿದೆ. ತಡೆಯಬಹುದಾದ ಸಾವುಗಳಿವು, ಅದೇ ಸಂಕಟ.

1885ರ ಜುಲೈ 6ರಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಸ್ತರ್ ಮುಂದೆ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗ ನಿಂತಿದ್ದ. ನಾಯಿ ಕಚ್ಚಿ ಎರಡು ದಿನವಾಗಿತ್ತು. ರೇಬೀಸ್ ತಗಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಮದ್ದನ್ನು ಅವನಿಗೆ 13 ಸಲ ಚುಚ್ಚಿಸಿದರು. ಜಾಸ್ತಿ ಒಣಗಿದ್ದು ಮೊದಲು, ಹಸಿಯದ್ದು ಆಮೇಲೆ. ಹುಡುಗ ಬದುಕಿದ. ನರದಿಂದ ತಯಾರಾದ ಲಸಿಕೆಗಳು ಆಮೇಲೂ ಬಹಳ ಕಾಲ ಉಳಿದವು. ‘ಹೊಕ್ಕುಳ ಸುತ್ತ 14 ಇಂಜೆಕ್ಷನ್’ ಎಂಬ ಭಯ ಹುಟ್ಟಿದ್ದು ಅವುಗಳಿಂದಲೇ. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ವೈರಸ್ಸನ್ನು ಕೊಂದು ಮಾಡಿದ ಲಸಿಕೆ. ತೋಳಿಗೆ ಹಾಕುತ್ತಾರೆ, ಕೆಲವೇ ಡೋಸ್. ಆ ಹಳೇ ಹೆದರಿಕೆಗೆ ಇವತ್ತಿಗೂ ಆಸ್ಪತ್ರೆ ತಪ್ಪಿಸುವವರಿದ್ದಾರೆ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಲಸಿಕೆ ಹಾಕಿದ ಮೇಲೆ ಸಾಕಷ್ಟು ಪ್ರತಿಕಾಯ ಹುಟ್ಟಲು ವಾರದಿಂದ ಎರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಗಾಯ ಕಾಯುವವರು ಯಾರು? ಅದಕ್ಕೇ ರಕ್ತ ಬರುವಂತೆ ಕಚ್ಚಿದ್ದರೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯ, ನೇರ ಗಾಯದೊಳಗೇ ಚುಚ್ಚಬೇಕು. ಇದು ಎಲ್ಲಾ ಕಡೆ ಸಿಗುವುದಿಲ್ಲ. ದೂರದ ಊರುಗಳಿಗೆ ಹೋಗುವವರು, ಗುಹೆ ಹೊಕ್ಕುವವರು, ಪ್ರಾಣಿಗಳ ಜೊತೆ ಕೆಲಸ ಮಾಡುವವರು ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು ಅನ್ನುವುದು ಇದೇ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎರಡು ಡೋಸ್, ವಾರದ ಅಂತರದಲ್ಲಿ. ದೇಹಕ್ಕೆ ಆ ವೈರಸ್ಸಿನ ನೆನಪು ಉಳಿಯುತ್ತದೆ. ಮುಂದೆ ಕಚ್ಚಿದರೆ ಅವತ್ತೊಂದು, 3ನೇ ದಿನ ಇನ್ನೊಂದು ಡೋಸ್ ಸಾಕು. ರೋಗನಿರೋಧಕ ಶಕ್ತಿ ಸರಿಯಿದ್ದವರಿಗೆ ಇಮ್ಯುನೊಗ್ಲಾಬ್ಯುಲಿನ್ ಬೇಡ. ಮೊದಲೇ ಹಾಕಿಸಿದ್ದೇನಲ್ಲಾ ಅಂತ ಸುಮ್ನೆ ಕೂತರೆ ಮಾತ್ರ ಕೆಟ್ಟಿತು.

ಗಾಯ ತೊಳೆಯುವುದನ್ನು ಜನ ಹಗುರವಾಗಿ ನೋಡುತ್ತಾರೆ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದೆ. ಎಣ್ಣೆ ಪಾತ್ರೆಯ ಜಿಡ್ಡು ಬಿಡಿಸುವ ಸೋಪು ಆ ಹೊದಿಕೆಯನ್ನೂ ಒಡೆಯುತ್ತದೆ. ನಲ್ಲಿ ಬಿಟ್ಟು, ನೊರೆ ಮಾಡಿ, ಹಲ್ಲಿಳಿದ ತೂತಿನ ಒಳಕ್ಕೂ ನೀರು ಹೋಗುವ ಹಾಗೆ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಎರಡು ನಿಮಿಷಕ್ಕೇ ಮುಗಿಯಿತು ಅನ್ನಿಸಿಬಿಡುತ್ತದೆ. ಖಾರದ ಪುಡಿ, ಸುಣ್ಣ, ಎಣ್ಣೆ ಹಚ್ಚಬೇಡಿ. ಅವು ಗಾಯವನ್ನು ಕೆಡಿಸುತ್ತವೆ ಅಷ್ಟೆ.

‘ನಾಯಿ ಚೆನ್ನಾಗೇ ಇದೆ’ ಅಂತ ಕಾಯುವುದೂ ತಪ್ಪು. ಲಕ್ಷಣ ತೋರುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಚಿಕಿತ್ಸೆ ಶುರು ಮಾಡಿಕೊಂಡೇ ನಾಯಿ, ಬೆಕ್ಕನ್ನು 10 ದಿನ ಗಮನಿಸಬಹುದು. ಆದರೆ ಪ್ರಯಾಣಿಕ 3ನೇ ದಿನಕ್ಕೆ ಬೇರೆ ಊರಿನಲ್ಲಿರುತ್ತಾನೆ, ನಾಯಿ ನೋಡುವವರು ಯಾರು? ಇನ್ನು ಬಾವಲಿಯ ಹಲ್ಲಿನ ಗುರುತು ಕಣ್ಣಿಗೇ ಕಾಣದಷ್ಟು ಸಣ್ಣದಿರಬಹುದು.

ಕಚ್ಚಿ ಎಷ್ಟೋ ದಿನವಾಗಿದ್ದರೂ ಹೋಗಿ ಹಾಕಿಸಿಕೊಳ್ಳಿ. ಹಾಕಿದ ತಾರೀಕು, ಲಸಿಕೆಯ ಹೆಸರು ಬರೆದ ಚೀಟಿ ಪಾಸ್‌ಪೋರ್ಟ್ ಜೊತೆಗಿರಲಿ. ಮುಂದಿನ ಡೋಸ್ ಇನ್ನೊಂದು ದೇಶದಲ್ಲಿ, ಇನ್ನೊಂದು ಕಂಪನಿಯದ್ದು ಸಿಕ್ಕರೂ ಮೊದಲಿಂದ ಶುರು ಮಾಡಬೇಕಾಗಿಲ್ಲ. ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.