ಲಡಾಖ್‌ಗೆ ಹೊರಟ ಹೊಸ ಬೈಕಿಗೆ ಮೊದಲು ಬೇಕಾದದ್ದು ಕಿಲೋಮೀಟರ್

ಮೇ ತಿಂಗಳು ಬಂತು ಅಂದರೆ ವಿಜಯನಗರದ ನನ್ನ ಗ್ಯಾರೇಜಿನ ಮುಂದೆ ಹೊಸ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಕೆಲವದರ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಕಿತ್ತಿರುವುದಿಲ್ಲ. "ಅಣ್ಣ, ಜೂನ್‌ನಲ್ಲಿ ಲಡಾಖ್ ಹೊರಡ್ತಿದ್ದೀವಿ, ಏನೇನು ಹಾಕಿಸ್ಬೇಕೋ ಎಲ್ಲಾ ಹಾಕಿಬಿಡಿ" ಅಂತಾರೆ. ಮೊಬೈಲಿನಲ್ಲಿ ಒಂದು ಉದ್ದದ ಪಟ್ಟಿ ಇರುತ್ತದೆ. ಮೂರು ಅಲ್ಯೂಮಿನಿಯಂ ಪೆಟ್ಟಿಗೆ, ನಾಲ್ಕು ಫಾಗ್ ಲೈಟು, ಎತ್ತರದ ವಿಂಡ್‌ಶೀಲ್ಡು, ಎರಡು ಜೆರಿ ಕ್ಯಾನು. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಗಾಡಿ ಎಷ್ಟು ಓಡಿದೆ? ಹೆಚ್ಚಿನವರ ಉತ್ತರ ಇನ್ನೂರು ಮುನ್ನೂರು ಕಿಲೋಮೀಟರ್ ದಾಟುವುದಿಲ್ಲ.

ಬೆಂಗಳೂರಿನಿಂದ ಲೇಹ್‌ಗೆ ಯಾವ ದಾರಿ ಹಿಡಿದರೂ ಒಂದು ಕಡೆಗೇ 3,000 ಕಿಲೋಮೀಟರ್ ಮೇಲಾಗುತ್ತದೆ. ಅಂಥ ದಾರಿಗೆ ಹೊರಡುವ ಮುಂಚೆ ಬೈಕು ಕಡಿಮೆ ಅಂದರೂ ಸಾವಿರ ಸಾವಿರದೈನೂರು ಕಿಲೋಮೀಟರ್ ಓಡಿರಬೇಕು, ಮೊದಲ ಸರ್ವಿಸ್ ಮುಗಿದಿರಬೇಕು ಅನ್ನುವುದು ನನ್ನ ಕಟ್ಟುನಿಟ್ಟಿನ ಮಾತು. ಹೊಸ ಎಂಜಿನ್ನಿನ ಒಳಗೆ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಸಣ್ಣ ಲೋಹದ ಪುಡಿ ಆಯಿಲ್‌ಗೆ ಸೇರುತ್ತದೆ. ಮೊದಲ ಸರ್ವಿಸ್‌ನಲ್ಲಿ ಆಯಿಲ್ ಬದಲಿಸುವುದು ಅದಕ್ಕೇ. ಹೊಸ ಚೈನು ಸ್ವಲ್ಪ ಹಿಗ್ಗುತ್ತದೆ. ಸ್ಪೋಕುಗಳು ಕೂತುಕೊಳ್ಳುತ್ತವೆ, ಕೆಲವು ಸಡಿಲ ಆಗುತ್ತವೆ. ಬ್ರೇಕ್ ಪ್ಯಾಡು ಡಿಸ್ಕಿಗೆ ಸರಿಯಾಗಿ ಒಗ್ಗುವುದಕ್ಕೂ ಒಂದಷ್ಟು ದೂರ ಬೇಕು. ಇದೆಲ್ಲ ನಿಮ್ಮ ಊರಿನ ಹತ್ತಿರ, ಮೆಕ್ಯಾನಿಕ್ ಕೈಗೆ ಸಿಗುವ ಜಾಗದಲ್ಲಿ ಆಗಿಹೋಗಲಿ. ಮನಾಲಿ-ಲೇಹ್ ದಾರಿಯ ಜಿಸ್ಪಾದಲ್ಲೋ ಸರ್ಚುವಿನಲ್ಲೋ ಆಗುವುದು ಬೇಡ.

ಸಾಮಾನಿನ ವಿಷಯ ಇಲ್ಲಿಂದ ಶುರು.

ಈಗ ನನ್ನ ಬಳಿ ಜಾಸ್ತಿ ಬರುವುದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಅದನ್ನೇ ಉದಾಹರಣೆ ಇಟ್ಟುಕೊಳ್ಳೋಣ. 2023ರ ಕೊನೆಗೆ ಬಂದ ಗಾಡಿ. 452 ಸಿಸಿ, 40 ಪಿಎಸ್ ಶಕ್ತಿ, 17 ಲೀಟರ್ ಟ್ಯಾಂಕು, ಪೆಟ್ರೋಲ್ ಸೇರಿ 196 ಕೆಜಿ ತೂಕ. ಯಾವ ಬೈಕಿಗಾದರೂ ಕಂಪನಿಯವರು ಒಟ್ಟು ಇಷ್ಟೇ ತೂಕ ಹೊರಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ. ಅದರಲ್ಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು. ಆ ಪಾಲಿನಲ್ಲಿ ನೀವು, ಹಿಂದೆ ಕೂರುವವರು, ಜಾಕೆಟ್ಟು, ಬೂಟು, ಪೆಟ್ಟಿಗೆ, ನೀರಿನ ಬಾಟಲಿ ಎಲ್ಲ ಬರಬೇಕು. ಮೂರು ಅಲ್ಯೂಮಿನಿಯಂ ಪೆಟ್ಟಿಗೆ ಮತ್ತು ಅವನ್ನು ಕೂರಿಸುವ ರಾಡುಗಳನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿದ್ದೆ, ಖಾಲಿ ಇರುವಾಗಲೇ 20 ಕೆಜಿ ಹತ್ತಿರ ಬಂತು. ಒಂದು ಬಟ್ಟೆ ಕೂಡ ತುಂಬಿರಲಿಲ್ಲ. ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗ ಅಷ್ಟೇ. ಲೇಹ್‌ನಿಂದ ಮೇಲೆ ಹತ್ತುವ ಖಾರ್ದುಂಗ್ ಲಾ ಕಣಿವೆದಾರಿ 5,359 ಮೀಟರ್, ಅಲ್ಲಿ ಅರ್ಧಕ್ಕೆ ಬಂದಿರುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಗಾಡಿ ಗಾಳಿ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ, ಹಾಗಾಗಿ ಹಳೆಯ ಕಾರ್ಬುರೇಟರ್ ಗಾಡಿಯ ಥರ ಉಸಿರು ಕಟ್ಟುವುದಿಲ್ಲ. ಆದರೆ ಇಲ್ಲದ ಶಕ್ತಿಯನ್ನು ಅದು ಎಲ್ಲಿಂದ ತರಬೇಕು? ಇಲ್ಲಿ 40 ಪಿಎಸ್ ಕೊಡುವ ಎಂಜಿನ್ ಅಲ್ಲಿ ಸುಮಾರು ಅರ್ಧದಲ್ಲಿ ನಿಮ್ಮನ್ನು ಎಳೆಯುತ್ತಿರುತ್ತದೆ. ಬೇಡದ ಸಾಮಾನು ಎಂಜಿನ್ನಿಗೂ ಭಾರ, ಏರಿನಲ್ಲಿ ಮತ್ತೆ ಮತ್ತೆ ಹಿಡಿಯುವ ಕ್ಲಚ್ಚಿಗೂ ಭಾರ.

ಅದಕ್ಕೇ ಒಬ್ಬರೇ ಹೋಗುವವರಿಗೆ ನಾನು ಗಟ್ಟಿ ಪೆಟ್ಟಿಗೆ ಹಾಕುವುದಿಲ್ಲ, ನೀರು ಒಳಗೆ ಹೋಗದ ಬಟ್ಟೆಯ ಸ್ಯಾಡಲ್ ಬ್ಯಾಗ್ ಸಾಕು ಅನ್ನುತ್ತೇನೆ. ಗಾಡಿ ಬಿದ್ದರೆ ಬ್ಯಾಗು ಮಡಚಿಕೊಳ್ಳುತ್ತದೆ. ಪೆಟ್ಟಿಗೆ ಕಾಲು ಸಿಕ್ಕಿಸುತ್ತದೆ. ಬ್ಯಾಗು ಸೈಲೆನ್ಸರ್‌ಗೆ ತಾಗದಂತೆ ಒಂದು ಸ್ಟೇ, ಅಂದರೆ ಅದನ್ನು ದೂರ ಹಿಡಿಯುವ ಕಂಬಿ ಹಾಕಿಸಿ, ಇಲ್ಲವಾದರೆ ಮೊದಲ ದಿನವೇ ಸುಟ್ಟ ವಾಸನೆ ಬರುತ್ತದೆ. ತುಂಬುವಾಗ ಭಾರದ್ದು ಕೆಳಗೆ, ಗಾಡಿಯ ಮಧ್ಯಕ್ಕೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಇರಲಿ. ಹಗುರದ್ದು ಮೇಲೆ. ಟೂಲ್ಸ್, ಪಂಪು, ಚೈನ್ ಲೂಬ್ ಎಲ್ಲ ಹಿಂದಿನ ಟಾಪ್ ಬಾಕ್ಸಿಗೆ ತುರುಕುವವರೇ ಜಾಸ್ತಿ. ಟಾಪ್ ಬಾಕ್ಸ್ ಕೂರುವುದು ಹಿಂದಿನ ಚಕ್ರದ ಆಕ್ಸಲ್‌ಗಿಂತಲೂ ಹಿಂದೆ. ಅಲ್ಲಿ ಭಾರ ಹಾಕಿದರೆ ಮುಂದಿನ ಚಕ್ರ ಹಗುರವಾಗುತ್ತದೆ, ನೂರರ ವೇಗದಲ್ಲಿ ಹ್ಯಾಂಡಲ್ ಓಲಾಡುವುದಕ್ಕೆ ಶುರು ಮಾಡುತ್ತದೆ. ನನ್ನ ಸ್ವಂತ ಗಾಡಿಯಲ್ಲಿ ಹೀಗೆ ಹತ್ತು ಹನ್ನೆರಡು ಕೆಜಿ ಹಿಂದೆ ಹೇರಿ ಹೋಗಿದ್ದಾಗ ಮಹಾರಾಷ್ಟ್ರದ ಗುಂಡಿ ರಸ್ತೆಯಲ್ಲಿ ಕ್ಯಾರಿಯರ್‌ನ ವೆಲ್ಡಿಂಗ್ ಬಿಟ್ಟುಹೋಯಿತು. ಹಿಂದೆ ಬರುತ್ತಿದ್ದ ಲಾರಿ ಡ್ರೈವರ್ ಹಾರ್ನ್ ಮಾಡಿ ತೋರಿಸಿದ್ದಕ್ಕೆ ಬಾಕ್ಸು ರಸ್ತೆಗೆ ಬೀಳಲಿಲ್ಲ. ಅವತ್ತಿನಿಂದ ಟಾಪ್ ಬಾಕ್ಸಿನಲ್ಲಿ ರೇನ್‌ಕೋಟು ಮತ್ತು ಸ್ವೆಟರ್ ಬಿಟ್ಟು ಬೇರೇನೂ ಇಡುವುದಿಲ್ಲ.

ಲಗೇಜ್ ಹಾಕಿದ ಮೇಲೆ ಎರಡು ಕೆಲಸ ಎಲ್ಲರೂ ಮರೆಯುತ್ತಾರೆ. ಒಂದು, ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್, ಅಂದರೆ ಅದರ ಸ್ಪ್ರಿಂಗಿನ ಬಿಗಿ. ಭಾರಕ್ಕೆ ಹಿಂಭಾಗ ಕುಸಿದರೆ ಹೆಡ್‌ಲೈಟು ಆಕಾಶ ನೋಡುತ್ತದೆ, ನಿಮಗೆ ರಸ್ತೆ ಕಾಣುವುದಿಲ್ಲ, ಎದುರಿನವರ ಕಣ್ಣು ಕುಕ್ಕುತ್ತದೆ. ಎಷ್ಟೋ ಜನ ಲೈಟು ಸಾಲದು ಅಂತ ಫಾಗ್ ಲೈಟ್ ಹಾಕಿಸಲು ಬರುವುದು ಈ ಕಾರಣಕ್ಕೇ. ಪ್ರೀಲೋಡ್ ಏರಿಸಿ ಹೆಡ್‌ಲೈಟ್ ಅಡ್ಜಸ್ಟ್ ಮಾಡಿಕೊಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಚೈನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಖಾಲಿ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚೈನು ಬಿಗಿ ಮಾಡುತ್ತಾರೆ, ನೋಡುವುದಕ್ಕೆ ನೀಟಾಗಿರುತ್ತದೆ. ಆಮೇಲೆ ಇಬ್ಬರು ಕೂತು ಲಗೇಜ್ ಹೇರಿದಾಗ ಹಿಂದಿನ ಭಾಗ ಕೆಳಗೆ ಇಳಿಯುತ್ತದೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಕ್ಕೆ ಬರುತ್ತದೆ, ಚೈನು ಎಳೆಯುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್), ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಅವುಗಳ ನಡುವಿನ ದೂರ ಅತಿ ಹೆಚ್ಚಾಗಿರುತ್ತದೆ, ಹಾಗಾಗಿ ಚೈನು ತಂತಿಯ ಹಾಗೆ ಬಿಗಿಯಾಗುತ್ತದೆ. ಪ್ರತಿ ಹಂಪಿಗೂ ಅದು ಎಂಜಿನ್ನಿನ ಶಾಫ್ಟನ್ನು ಹಿಡಿದು ಎಳೆಯುತ್ತದೆ. ಬೇರಿಂಗು ಹಾಳು, ಆಯಿಲ್ ಸೀಲು ಹಾಳು. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೆ ಹಾಕಿ, ಆಮೇಲೆ ಲಗೇಜ್ ಸಮೇತ ಕೂತುಕೊಂಡು ಬೇರೆಯವರ ಕೈಲಿ ಚೈನು ಎತ್ತಿ ನೋಡಿಸಿ. ಭಾರ ಹೇರಿದಾಗಲೂ ಸ್ವಲ್ಪ ಆಡಬೇಕು. ದಾರಿಯಲ್ಲಿ ಸುಮಾರು 500 ಕಿಲೋಮೀಟರಿಗೊಮ್ಮೆ ಒರೆಸಿ ಲೂಬ್ ಹಾಕಿ, ಮಳೆಯಲ್ಲಿ ಓಡಿಸಿದ್ದರೆ ಅವತ್ತೇ ರಾತ್ರಿ ಹಾಕಿ, ಚೈನು ಬೆಚ್ಚಗಿರುವಾಗ. ಪೆಟ್ರೋಲ್ ಸುರಿದು ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ. ಚೈನಿನ ಒಳಗಿನ ಗ್ರೀಸನ್ನು ಕಾಪಾಡುವ ರಬ್ಬರ್ ರಿಂಗುಗಳು ಅದರಿಂದ ಹಾಳಾಗುತ್ತವೆ.

ಇನ್ನು ಫಾಗ್ ಲೈಟು. ಬೇಡ ಅನ್ನುವುದಿಲ್ಲ, ಮಂಜಿನಲ್ಲಿ, ಮಳೆಯಲ್ಲಿ ಎದುರಿನವರಿಗೆ ನೀವು ಕಾಣಬೇಕಲ್ವಾ. ಆದರೆ ವೈರಿಂಗ್ ಯಾರು ಮಾಡುತ್ತಾರೆ ಅನ್ನುವುದು ಮುಖ್ಯ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಕೇಲಾಂಗ್ ದಾಟಿದ ಮೇಲೆ ಗಾಡಿ ಪೂರ್ತಿ ಸತ್ತುಹೋಗಿ, ಪಿಕಪ್ ವಾಹನದಲ್ಲಿ ಹೇರಿಕೊಂಡು ಮನಾಲಿಗೆ ವಾಪಸ್ ಬಂದಿದ್ದ. ಮುಂದೆ ಅದೇ ಗಾಡಿ ನನ್ನ ಬಳಿ ಬಂತು. ಟ್ಯಾಂಕ್ ಎತ್ತಿ ನೋಡಿದರೆ ಹೆಡ್‌ಲೈಟಿನ ವೈರನ್ನು ಬ್ಲೇಡಿನಲ್ಲಿ ಸುಲಿದು, ಅದಕ್ಕೇ ಫಾಗ್ ಲೈಟು, ಮೊಬೈಲ್ ಚಾರ್ಜರು, ಬಿಸಿ ಗ್ರಿಪ್ಪು ಎಲ್ಲವನ್ನೂ ಸುತ್ತಿ ಟೇಪು ಹಚ್ಚಿದ್ದರು. ವೈರು ಕಾದು ಕರಗಿ ಪಕ್ಕದ ವೈರಿಗೆ ಅಂಟಿಕೊಂಡಿತ್ತು. ಆ ಹುಡುಗನ ಮುಖ ನೆನಪಾದರೆ ಈಗಲೂ ಸಂಕಟ ಆಗುತ್ತದೆ. ಒಂದು ವರ್ಷ ದುಡ್ಡು ಕೂಡಿಟ್ಟು ಹೋಗಿದ್ದ.

ಸರಿಯಾದ ಕ್ರಮ ಹೀಗೆ. ಕರೆಂಟು ನೇರವಾಗಿ ಬ್ಯಾಟರಿಯಿಂದ ಬರಬೇಕು, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್ ಇರಬೇಕು, ಮಧ್ಯೆ ರಿಲೇ ಇರಬೇಕು. ಹ್ಯಾಂಡಲಿನ ಸ್ವಿಚ್ಚು ರಿಲೇಯನ್ನು ಮಾತ್ರ ಎಬ್ಬಿಸುತ್ತದೆ, ಜಾಸ್ತಿ ಕರೆಂಟು ಆ ಸಣ್ಣ ಸ್ವಿಚ್ಚಿನಲ್ಲಿ ಹರಿಯುವುದಿಲ್ಲ. ಕೀ ಆಫ್ ಮಾಡಿದರೆ ಲೈಟೂ ಆಫ್ ಆಗುವ ಹಾಗೆ ರಿಲೇಗೆ ಕೊಡುವ ಸಿಗ್ನಲ್ ಕೀ ಲೈನಿನಿಂದ ಬರಲಿ, ಇಲ್ಲವಾದರೆ ಬೆಳಿಗ್ಗೆ ಬ್ಯಾಟರಿ ಖಾಲಿ. ಲೆಕ್ಕ ಸುಲಭ. 30 ವ್ಯಾಟಿನ ಎರಡು ಲೈಟು ಅಂದರೆ 60 ವ್ಯಾಟು, 12 ವೋಲ್ಟಿನಿಂದ ಭಾಗಿಸಿದರೆ 5 ಆಂಪಿಯರ್, 7.5ರ ಫ್ಯೂಸ್ ಸಾಕು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ 20ರದ್ದು ಹಾಕಬೇಡಿ, ಆಗ ಫ್ಯೂಸಿನ ಬದಲು ವೈರು ಸುಡುತ್ತದೆ. ಕಂಪನಿಯ ಒಂದು ವೈರನ್ನೂ ಕತ್ತರಿಸದೆ, ಸಿಕ್ಕಿಸಿ ಬಿಚ್ಚಬಹುದಾದ ಕಪ್ಲರ್ ಹಾಕಿ ಮಾಡಿಕೊಡಿ ಅಂತ ಕೇಳಿ. ಹೊಸ ಗಾಡಿಯ ವೈರ್ ಕತ್ತರಿಸಿದರೆ ವಾರಂಟಿ ವಿಷಯದಲ್ಲಿ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಮತ್ತೆ, ಊರೊಳಗೆ ಅದನ್ನು ಉರಿಸಬೇಡಿ, ಎದುರಿನ ಸ್ಕೂಟರಿನವರಿಗೆ ದಾರಿಯೇ ಕಾಣುವುದಿಲ್ಲ.

ಜೆರಿ ಕ್ಯಾನ್ ಬೇಕಾ ಅನ್ನುವುದು ನಿಮ್ಮ ಟ್ಯಾಂಕು ಹೇಳುತ್ತದೆ. ಮನಾಲಿ ದಾರಿಯಲ್ಲಿ ತಾಂಡಿ ಪೆಟ್ರೋಲ್ ಬಂಕಿನ ಹತ್ತಿರದ ಬೋರ್ಡು ಎಲ್ಲರಿಗೂ ಗೊತ್ತು, ಮುಂದಿನ ಬಂಕು 365 ಕಿಲೋಮೀಟರ್ ಅಂತ. ಹಿಮಾಲಯನ್ 450ರ 17 ಲೀಟರಿಗೆ, ಭಾರ ಹೇರಿ ಲೀಟರಿಗೆ 26 ಅಂತ ಹಿಡಿದರೂ 440 ದಾಟುತ್ತದೆ. ತಾಂಡಿಯಲ್ಲಿ ಫುಲ್ ಮಾಡಿಸಿದರೆ ಕ್ಯಾನೇ ಬೇಡ. ಅದೇ ಇಂಟರ್‌ಸೆಪ್ಟರ್ 650ರ ಟ್ಯಾಂಕು 13.7 ಲೀಟರ್, ಅದಕ್ಕೆ 5 ಲೀಟರ್ ಕ್ಯಾನು ಬೇಕೇ ಬೇಕು. ತಗ್ಗಿನಲ್ಲಿ ತುಂಬಿ ಮುಚ್ಚಿದ ಕ್ಯಾನು ಎತ್ತರಕ್ಕೆ ಹೋದಾಗ ಉಬ್ಬುತ್ತದೆ. ಗಾಡಿ ತಣ್ಣಗಾದ ಮೇಲೆ ಮುಚ್ಚಳ ನಿಧಾನಕ್ಕೆ ತಿರುಗಿಸಿ.

ಟೈರಿನ ಮಾತು. ಹಿಮಾಲಯನ್ 450ರಲ್ಲಿ ಟ್ಯೂಬ್ ಇರುವ ಚಕ್ರವೂ ಬಂದಿದೆ, ಟ್ಯೂಬ್‌ಲೆಸ್ ಸ್ಪೋಕ್ ಚಕ್ರವೂ ಬಂದಿದೆ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಟ್ಯೂಬ್‌ಲೆಸ್ ಆದರೆ ಪ್ಲಗ್ ಕಿಟ್ಟು ಮತ್ತು ಪಂಪು ಸಾಕು. ಟ್ಯೂಬ್ ಇದ್ದರೆ ಟೈರ್ ಲಿವರ್, ಪ್ಯಾಚು, ಜೊತೆಗೆ ಮುಂದಿನ ಮತ್ತು ಹಿಂದಿನ ಚಕ್ರಕ್ಕೆ ಒಂದೊಂದು ಟ್ಯೂಬು. ಜಾಗ ಇಲ್ಲ ಅಂದರೆ ಮುಂದಿನ 21 ಇಂಚಿನದ್ದು ಒಂದೇ ತೆಗೆದುಕೊಳ್ಳಿ, ಕಷ್ಟಕಾಲದಲ್ಲಿ ಅದನ್ನೇ ಹಿಂದಿನ 17 ಇಂಚಿಗೆ ತುರುಕಿ ಮೆಲ್ಲಗೆ ಮುಂದಿನ ಊರು ಸೇರಬಹುದು. ಹೊರಡುವ ಮುಂಚೆ ಮನೆಯಲ್ಲೇ ಒಂದು ಸಲ ಚಕ್ರ ಬಿಚ್ಚಿ ಹಾಕಿ ನೋಡಿ. ಆಕ್ಸಲ್ ನಟ್ಟಿಗೆ ಸರಿಹೋಗುವ ಪಾನಾ ನಿಮ್ಮ ಕಿಟ್ಟಿನಲ್ಲಿ ಇದೆಯಾ ಇಲ್ಲವಾ ಅನ್ನುವುದು ಆಗ ಗೊತ್ತಾಗುತ್ತದೆ. ಲೇಹ್‌ನಲ್ಲಿ ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಗೇಜು ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸಬಹುದು, ಬೆಳಗಿನ ಚಳಿ ಅದನ್ನು ಮತ್ತೆ ಇಳಿಸುತ್ತದೆ. ಹಾಗಾಗಿ ಗಾಬರಿಯಾಗಿ ಗಾಳಿ ಬಿಡಬೇಡಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ, ಮ್ಯಾನ್ಯುಯಲ್‌ನ ಅಳತೆಗೆ ತನ್ನಿ.

ಹಾಗಾದರೆ ನಾನು ಹಾಕಿಯೇ ಕಳಿಸುವುದು ಏನು? ರೇಡಿಯೇಟರ್ ಗಾರ್ಡು, ಯಾಕೆಂದರೆ ಮುಂದಿನ ಲಾರಿಯ ಚಕ್ರದಿಂದ ಹಾರುವ ಒಂದು ಕಲ್ಲು ಸಾಕು. ಕೈಗಳಿಗೆ ಹ್ಯಾಂಡ್ ಗಾರ್ಡು, ಚಳಿಗೂ ಒಳ್ಳೆಯದು, ಬಿದ್ದರೆ ಲಿವರ್ ಉಳಿಯುತ್ತದೆ. ಎಂಜಿನ್ ಕೆಳಗಿನ ಪ್ಲೇಟು ಮತ್ತು ಕ್ರ್ಯಾಶ್ ಗಾರ್ಡು. ಒಂದು ಕ್ಲಚ್ ಲಿವರ್, ಒಂದು ಬ್ರೇಕ್ ಲಿವರ್. ಕ್ಲಚ್ ಕೇಬಲ್ ಇನ್ನೊಂದನ್ನು ಬ್ಯಾಗಿಗೆ ಹಾಕಬೇಡಿ, ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿ ಬಿಡಿ. ತುಂಡಾದರೆ ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ, ಎರಡು ತುದಿ ಬದಲಿಸಿದರೆ ಹತ್ತು ನಿಮಿಷದಲ್ಲಿ ಹೊರಡಬಹುದು. ಒಂದು ಪ್ರೀಪೇಯ್ಡ್ ಸಿಮ್ ಮಾತ್ರ ಇದ್ದರೆ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ, ಹೊರ ರಾಜ್ಯದ ಪ್ರೀಪೇಯ್ಡ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಸೀಟು ನೋಯುತ್ತದೆ, ಹ್ಯಾಂಡಲ್ ಎತ್ತರ ಸರಿಹೋಗುವುದಿಲ್ಲ ಅನ್ನುವುದನ್ನೆಲ್ಲ ಅಂಗಡಿಯಲ್ಲಿ ನಿಂತು ನಿರ್ಧರಿಸಲು ಆಗುವುದಿಲ್ಲ.

ಅದಕ್ಕೆ ಹೊರಡುವ ಎರಡು ವಾರ ಮುಂಚೆ, ಲಡಾಖ್‌ಗೆ ಏನೇನು ಹೇರುತ್ತೀರೋ ಅಷ್ಟನ್ನೂ ಹೇರಿಕೊಂಡು, ಹಿಂದೆ ಕೂರುವವರು ಇದ್ದರೆ ಅವರನ್ನೂ ಕೂರಿಸಿಕೊಂಡು ಹಾಸನ, ಬೇಲೂರು, ಮೂಡಿಗೆರೆ ಮೇಲೆ ಹೋಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಿರಿ, ಉಜಿರೆಯಲ್ಲಿ ರಾತ್ರಿ ಕಳೆದು ಮಾರನೇ ದಿನ ಅದೇ ಘಾಟಿ ಹತ್ತಿ ವಾಪಸ್ ಬನ್ನಿ. ಆ ತಿರುವುಗಳಲ್ಲಿ ಬ್ಯಾಗು ಎಲ್ಲಿ ಜಾರುತ್ತದೆ, ಯಾವ ಸ್ಟೇ ಬಡಿಯುತ್ತದೆ, ಎಷ್ಟು ಗಂಟೆಗೆ ಬೆನ್ನು ಹಿಡಿಯುತ್ತದೆ ಎಲ್ಲ ಗೊತ್ತಾಗುತ್ತದೆ. ವಾಪಸ್ ಬಂದವರಲ್ಲಿ ಹೆಚ್ಚಿನವರು "ಅಣ್ಣ, ಇದು ತೆಗೆದುಬಿಡಿ" ಅಂತ ಏನಾದರೂ ಒಂದು ಬಿಚ್ಚಿಸುತ್ತಾರೆ.

ಗಾಡಿ ಗ್ಯಾರೇಜ್ ಬಿಡುವ ದಿನ ನಾನು ಮಾಡುವ ಕೊನೆಯ ಕೆಲಸ ಒಂದಿದೆ. ಬಿಳಿ ಪೇಂಟ್ ಪೆನ್ ತೆಗೆದುಕೊಂಡು ಕ್ಯಾರಿಯರ್, ಗಾರ್ಡು, ಆಕ್ಸಲ್, ಹ್ಯಾಂಡಲಿನ ಪ್ರತಿ ನಟ್ಟಿನ ಮೇಲಿಂದ ಪಕ್ಕದ ಲೋಹಕ್ಕೆ ಒಂದು ಗೆರೆ ಎಳೆಯುತ್ತೇನೆ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ. ತುಮಕೂರು ದಾರಿಯಲ್ಲಿ ಹೊರಟವರು 200 ಕಿಲೋಮೀಟರಿಗೆ ಚಿತ್ರದುರ್ಗದಲ್ಲಿ ತಿಂಡಿಗೆ ನಿಲ್ಲಿಸುತ್ತಾರೆ. ಇಡ್ಲಿ ಬರುವುದರೊಳಗೆ ಬೈಕಿನ ಸುತ್ತ ಒಂದು ಸುತ್ತು ಹಾಕಿ, ಗೆರೆಗಳನ್ನು ನೋಡಿ. ಯಾವುದಾದರೂ ಸರಿದಿದ್ದರೆ ಅಲ್ಲೇ ಪಾನಾ ಹಾಕಿ ಬಿಗಿ ಮಾಡಿ, ಇಲ್ಲದಿದ್ದರೆ ಒಂದು ಫೋನ್ ಮಾಡಿ. ಅವತ್ತು ಬೆಳಿಗ್ಗೆ ನಾನು ಬೇರೆ ಗಾಡಿಗೆ ಕೈ ಹಾಕಿರುವುದಿಲ್ಲ.