ರಾತ್ರಿ ಒಂಬತ್ತಕ್ಕೆ ನೆನಪಾಗುವ ಹೆಸರು

ನನ್ನ ಫೋನಿನಲ್ಲಿ ಕಲಾವಿದರ ಹೆಸರಿಗೆಲ್ಲ ಒಂದೊಂದು ಬಾಲ ಇದೆ. 'ಹಾಸನ, ನಲವತ್ತು, ಬುಲೆಟ್ ಓಡಿಸ್ತಾರೆ.' 'ಧಾರವಾಡ ಭಾಷೆ, ತಾಯಿ, ಗ್ಲಿಸರಿನ್ ಬೇಡ.' 'ಕುಂದಾಪುರ, ಎತ್ತರ, ಗಡ್ಡ ತೆಗೆಯಲ್ಲ.' ಹದಿನಾರು ವರ್ಷದಿಂದ ಮೊದಲು ಸಹಾಯಕ ನಿರ್ದೇಶಕನಾಗಿ, ಆಮೇಲೆ ಅಸೋಸಿಯೇಟ್ ಆಗಿ, ಈಗ ಧಾರಾವಾಹಿ-ಸಿನಿಮಾಗಳಿಗೆ ಕಲಾವಿದರನ್ನು ಹುಡುಕಿ ಕೊಡುವವನಾಗಿ ದುಡಿಯುತ್ತಾ ಕೂಡಿಸಿಕೊಂಡ ಪಟ್ಟಿ ಇದು. ಕೆಲವು ಬಾಲಗಳನ್ನು ಅವರೆದುರು ಓದೋಕಾಗಲ್ಲ. 'ಒಂಬತ್ತು ಅಂದ್ರೆ ಹನ್ನೊಂದು' ಅಂತ ಒಬ್ಬರ ಹೆಸರಿನ ಮುಂದಿದೆ. ಒಳ್ಳೆಯ ನಟ ಅವರು, ಆದರೂ ಕರೆಯೋಕೆ ಭಯ.

'ಸರ್, ಇಂಡಸ್ಟ್ರಿಯಲ್ಲಿ ಕಾಂಟ್ಯಾಕ್ಟ್ ಬೆಳೆಸ್ಕೊಳ್ಳೋದು ಹೇಗೆ?' ಅಂತ ವಾರಕ್ಕೆ ಮೂರ್ನಾಲ್ಕು ಮಂದಿಯಾದರೂ ಕೇಳುತ್ತಾರೆ. ಅವರ ತಲೆಯಲ್ಲಿ ಕಾಂಟ್ಯಾಕ್ಟ್ ಅಂದರೆ ದೊಡ್ಡ ನಿರ್ದೇಶಕರ ಜೊತೆ ಒಂದು ಸೆಲ್ಫಿ, ನಿರ್ಮಾಪಕರ ಹುಟ್ಟುಹಬ್ಬಕ್ಕೆ ಒಂದು ಹಾರ, ಗಾಂಧಿನಗರದ ಯಾವುದೋ ಆಫೀಸಿನ ಮೆಟ್ಟಿಲ ಮೇಲೆ ಕಾಯುವುದು. ಅವರಿಗೆ ನಾನು ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಮಳೆಗಾಲ. ಧಾರಾವಾಹಿಯ ಬ್ಯಾಂಕಿಂಗ್, ಅಂದರೆ ಮೊದಲೇ ಶೂಟ್ ಮಾಡಿ ಇಟ್ಟುಕೊಂಡ ಎಪಿಸೋಡುಗಳು, ಕರಗಿ ಎರಡಕ್ಕೆ ಬಂದಿತ್ತು, ಅಂದರೆ ಇವತ್ತು ಶೂಟ್ ಮಾಡಿದ್ದು ಮೂರನೇ ದಿನಕ್ಕೆ ಟೀವಿಯಲ್ಲಿ. ಬೆಳಿಗ್ಗೆ ಏಳಕ್ಕೆ ಪೊಲೀಸ್ ಠಾಣೆಯ ಸೀನು. ರಾತ್ರಿ ಎಂಟೂ ಮುಕ್ಕಾಲಿಗೆ ಹೆಡ್ ಕಾನ್‌ಸ್ಟೆಬಲ್ ಪಾತ್ರದವರ ಮನೆಯಿಂದ ಫೋನು, ಜ್ವರ, ಏಳೋಕಾಗ್ತಿಲ್ಲ. ನಾಲ್ಕೇ ನಾಲ್ಕು ಮಾತಿನ ಪಾತ್ರ, ಆದರೆ ಅವರಿಲ್ಲದೆ ಸೀನಿಲ್ಲ. ಪಟ್ಟಿ ತೆರೆದೆ. ಮೊದಲನೆಯವರು 'ಎಷ್ಟು ಸೀನಿದೆ? ಮುಂದುವರಿಯುತ್ತಾ ಪಾತ್ರ?' ಅಂತ ಕೇಳಿ, ಯೋಚಿಸಿ ಹೇಳ್ತೀನಿ ಅಂದರು. ಎರಡನೆಯವರು ಫೋನ್ ಎತ್ತಲಿಲ್ಲ, ಮರುದಿನ ಮಧ್ಯಾಹ್ನ 'ಹಾಯ್ ಸರ್, ಕಾಲ್ ಮಾಡಿದ್ರಾ' ಅಂತ ಮೆಸೇಜು ಬಂತು. ಮೂರನೆಯವರು 'ಬರ್ತೀನಿ' ಅಂದು, ಮರುಕ್ಷಣ 'ಮೀಸೆ ಇದೆ ಸರ್ ಈಗ, ಇರಲಾ ತೆಗೀಲಾ?' ಅಂತ ಕೇಳಿದರು.

ಆ ಮೂರನೆಯವರ ನಟನೆಯನ್ನು ನಾನು ಅಲ್ಲಿಯವರೆಗೆ ನೋಡೇ ಇರಲಿಲ್ಲ. ಅವರ ನಂಬರು ಕೊಟ್ಟಿದ್ದು ನಮ್ಮ ಕಾಸ್ಟ್ಯೂಮ್ ಅಣ್ಣ. ಬೇರೆ ಯಾವುದೋ ಸೆಟ್ಟಿನಲ್ಲಿ ಅವರು ಗುಂಪಿನಲ್ಲೊಬ್ಬರಾಗಿ ನಿಂತಿದ್ದನ್ನು ನೋಡಿ, 'ಬಟ್ಟೆ ಮಡಚಿ ಕೊಡ್ತಾರೆ ಸಾರ್, ಬರ್ಕೊಳ್ಳಿ' ಅಂದಿದ್ದ. ನಾನು ನಕ್ಕು ಬರೆದುಕೊಂಡಿದ್ದೆ. ಬಾಲದಲ್ಲಿ ಅದನ್ನೇ ಹಾಕಿದ್ದೆ, 'ಬಟ್ಟೆ ಮಡಚುತ್ತಾರೆ'.

ಹೊಸಬರು ತಪ್ಪು ಬಾಗಿಲು ತಟ್ಟುತ್ತಾರೆ ಅಂತ ನಾನು ಹೇಳುವುದು ಇದಕ್ಕೇ. ಧಾರಾವಾಹಿಯ ನಾಯಕ-ನಾಯಕಿಯರನ್ನು ನಿರ್ದೇಶಕರೊಬ್ಬರೇ ಆರಿಸುವುದಿಲ್ಲ. ಆಡಿಷನ್ನು, ಲುಕ್ ಟೆಸ್ಟು, ಮಾಕ್ ಶೂಟು (ಪರೀಕ್ಷೆಗೆಂದು ಮಾಡುವ ಶೂಟಿಂಗ್) ಆಗಿ ಚಾನೆಲ್ಲಿನವರು ಒಪ್ಪಬೇಕು. ಅಲ್ಲಿ ಪರಿಚಯ ನಿಮ್ಮನ್ನು ಕೋಣೆಯ ಬಾಗಿಲವರೆಗೆ ಒಯ್ಯಬಹುದು, ಅಷ್ಟೆ. ಆದರೆ ಡಾಕ್ಟರು, ಅರ್ಚಕರು, ಪಕ್ಕದ ಮನೆ ಆಂಟಿ, ಕಾನ್‌ಸ್ಟೆಬಲ್ಲು ಯಾರು ಅನ್ನೋದನ್ನು ಹೆಚ್ಚಿನ ಸಲ ಅಸೋಸಿಯೇಟೋ ಮ್ಯಾನೇಜರೋ ನಿಂತಲ್ಲೇ ತೀರ್ಮಾನ ಮಾಡುತ್ತಾರೆ. ಹೊಸಬರ ಮೊದಲ ನೂರು ದಿನದ ಕೆಲಸ ಬರುವುದೇ ಆ ಕಡೆಯಿಂದ. ಇವತ್ತು ಕ್ಲ್ಯಾಪ್ ಹಿಡಿದಿರುವ ಹುಡುಗಿಗೆ ಇನ್ನು ಆರೇಳು ವರ್ಷದಲ್ಲಿ ತನ್ನದೇ ಚಿತ್ರ ಸಿಗಬಹುದು. ಸೆಟ್ಟಿನಲ್ಲಿ ಅವಳ ಹೆಸರು ಹಿಡಿದು ಮಾತಾಡಿಸಿದ ಕಲಾವಿದರು ಯಾರು, 'ಏಯ್ ಬಾಮ್ಮಾ' ಅಂದವರು ಯಾರು ಅಂತ ಅವಳಿಗೆ ಚೆನ್ನಾಗಿ ನೆನಪಿರುತ್ತದೆ. ನಾನೂ ಕ್ಲ್ಯಾಪ್ ಹಿಡಿದವನೇ, ನನಗೂ ನೆನಪಿದೆ.

ನಮ್ಮಲ್ಲಿ ನಟರ ಹೆಸರುಗಳನ್ನೇ ನೋಡಿ. ರಂಗಾಯಣ ರಘು, ಸಂಚಾರಿ ವಿಜಯ್, ಮುಖ್ಯಮಂತ್ರಿ ಚಂದ್ರು. ತಂಡವೋ ನಾಟಕವೋ ಮನೆತನದ ಹೆಸರಿನ ಹಾಗೆ ಮುಂದೆ ಬಂದು ಕೂತಿದೆ. 1980ರಲ್ಲಿ ಕಲಾಗಂಗೋತ್ರಿ ತಂಡ 'ಮುಖ್ಯಮಂತ್ರಿ' ನಾಟಕ ಆಡಿಸುವಾಗ ಆ ಪಾತ್ರ ಮಾಡಬೇಕಿದ್ದ ನಟರಿಗೆ ಆರೋಗ್ಯ ಕೆಟ್ಟಿತು. ತಂಡದೊಳಗೇ ಇದ್ದ ಚಂದ್ರು ಆ ಕುರ್ಚಿಯಲ್ಲಿ ಕೂತರು, ಇವತ್ತಿಗೂ ಎದ್ದಿಲ್ಲ. ತಾಲೀಮಿನ ಕೋಣೆಯಲ್ಲಿ ಇದ್ದವರಿಗೆ ಮಾತ್ರ ಸಿಗುವ ಅವಕಾಶ ಅದು.

ಇನ್ನೂ ಹಿಂದಕ್ಕೆ ಹೋದರೆ, ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ನಾಟಕ ಕಂಪನಿಗಳ ಅನ್ನ ಉಂಡವರು. 1954ರ 'ಬೇಡರ ಕಣ್ಣಪ್ಪ' ಮೂವರನ್ನೂ ಬೆಳಕಿಗೆ ತಂದಿತು. ಆಮೇಲೆ ಚಿತ್ರಗಳೇ ಕಮ್ಮಿಯಾಗಿ ಕೈ ಖಾಲಿಯಾದಾಗ ಈ ಮೂವರೂ ನಟ ಬಾಲಕೃಷ್ಣರನ್ನು ಸೇರಿಸಿಕೊಂಡು ಕಲಾವಿದರ ಸಂಘ ಕಟ್ಟಿದರು, 1960ರಲ್ಲಿ ತಾವೇ 'ರಣಧೀರ ಕಂಠೀರವ' ತೆಗೆದರು. ಮೇಲಿನವರು ಯಾರೂ ಕರೆಯದಿದ್ದಾಗ ಪಕ್ಕದಲ್ಲಿದ್ದವರೇ ಒಬ್ಬರನ್ನೊಬ್ಬರು ಕರೆದುಕೊಂಡರು. ಕಾಂಟ್ಯಾಕ್ಟ್ ಅನ್ನುವ ಪದಕ್ಕೆ ನಾನು ಕೊಡುವ ಉದಾಹರಣೆ ಇದೇ.

ಹಾಗಾಗಿ ಊರು ಬಿಟ್ಟು ಬಂದ ಹುಡುಗರಿಗೆ ಮೊದಲು ಒಂದು ತಂಡ ಸೇರಿ ಅನ್ನುತ್ತೇನೆ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ, ನೀನಾಸಮ್‌ನದೇ ಊರೂರು ಸುತ್ತುವ ನಾಟಕ ತಂಡ 'ತಿರುಗಾಟ' 1985ರಿಂದ ನಡೆಯುತ್ತಿದೆ. ತಿರುಗಾಟದಲ್ಲಿ ನಟರೇ ಸೆಟ್ಟು ಹೊತ್ತು, ಲೈಟು ಕಟ್ಟಿ, ಆಡಿ, ಮತ್ತೆ ಬಿಚ್ಚಿ ಮುಂದಿನ ಊರಿಗೆ ಹೊರಡಬೇಕು. ತಿಂಗಳುಗಟ್ಟಲೆ ಹಾಗೆ ಒಟ್ಟಿಗೆ ಓಡಾಡಿದವರಿಗೆ ಇನ್ನೊಬ್ಬರ ಯೋಗ್ಯತೆ ಪೂರ್ತಿ ಗೊತ್ತಿರುತ್ತದೆ. ಅವರಲ್ಲೊಬ್ಬರು 'ಇವನನ್ನ ಕರೀರಿ' ಅಂದರೆ ನಾನು ಆಡಿಷನ್ನಿಲ್ಲದೆ ಕರೆದದ್ದುಂಟು. ಎಲ್ಲರಿಗೂ ಹೆಗ್ಗೋಡಿಗೆ ಹೋಗೋಕಾಗಲ್ಲ, ಸರಿ. ಬೆಂಗಳೂರಿನಲ್ಲೇ ಕೆಲಸ ಮುಗಿಸಿ ಸಂಜೆ ತಾಲೀಮು ಮಾಡುವ ಹವ್ಯಾಸಿ ತಂಡಗಳು ಬೇಕಾದಷ್ಟಿವೆ. ರಂಗಶಂಕರದಲ್ಲೋ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ನಾಟಕ ನೋಡಿ, ಮುಗಿದ ಮೇಲೆ ನಿಂತು, ಯಾವ ದೃಶ್ಯ ಯಾಕೆ ಹಿಡಿಸಿತು ಅಂತ ಎರಡು ಮಾತಾಡಿ. ಪಾತ್ರ ಕೇಳಬೇಡಿ. 'ಬ್ಯಾಕ್‌ಸ್ಟೇಜಿಗೆ ಜನ ಬೇಕಾ?' ಅಂತ ಕೇಳಿ, ಯಾವ ತಂಡವೂ ಬೇಡ ಅನ್ನುವುದಿಲ್ಲ. ಅಂದಹಾಗೆ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ತಡವಾಗಿ ಬಂದು ಬಾಗಿಲಲ್ಲಿ ಜಗಳವಾಡುವ 'ಭಾವಿ ನಟ'ರನ್ನು ನಾನು ಅಲ್ಲಿಯೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಇನ್ನು ಮೆಸೇಜುಗಳ ವಿಷಯ. 'ಹಾಯ್ ಸರ್ ಒಂದು ಚಾನ್ಸ್ ಕೊಡಿ ಸರ್ ನನ್ನ ಕನಸು ಸರ್' ಅಂತ ಬಂದು, ಹಿಂದೆಯೇ ಫಿಲ್ಟರ್ ಹಾಕಿದ ಹದಿನಾಲ್ಕು ಫೋಟೊ, ಮರುದಿನದಿಂದ ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ದಯವಿಟ್ಟು ಆ ಗುಲಾಬಿ ಬೇಡ. ನನಗೆ ಉಪಯೋಗಕ್ಕೆ ಬರುವ ಮೆಸೇಜು ಹೀಗಿರುತ್ತದೆ: 'ನಮಸ್ಕಾರ. ಹೆಸರು ಇಂಥದ್ದು, ವಯಸ್ಸು 27, ಎತ್ತರ ಐದು ಅಡಿ ಏಳು ಇಂಚು, ಊರು ಸಿಂಧನೂರು, ಈಗ ವಿಜಯನಗರದಲ್ಲಿದ್ದೇನೆ. ರಾಯಚೂರು ಕಡೆ ಭಾಷೆ ಸಹಜವಾಗಿ ಬರುತ್ತೆ, ತೆಲುಗು ಗೊತ್ತು. ಮೂರು ನಾಟಕ ಮಾಡಿದ್ದೇನೆ. ಎರಡು ಫೋಟೊ, ಒಂದು ನಿಮಿಷದ ವಿಡಿಯೊ ಇದೆ. ಉತ್ತರ ಬರೆಯಬೇಕಿಲ್ಲ, ಬೇಕಾದಾಗ ಕರೆಯಿರಿ.' ಈ ಕೊನೆಯ ಸಾಲು ನನಗೆ ಬಹಳ ಇಷ್ಟ. ಉತ್ತರ ಬೇಡ ಅಂದವರಿಗೇ ನಾನು ಉತ್ತರ ಬರೆದಿರೋದು ಹೆಚ್ಚು.

ಫೋಟೊದಲ್ಲಿ ಮುಖ ಇವತ್ತಿನದಿರಲಿ. ವಿಡಿಯೊವನ್ನು ಫೋನು ಅಡ್ಡ ಹಿಡಿದು, ಖಾಲಿ ಗೋಡೆಯ ಮುಂದೆ, ಫ್ಯಾನ್ ಆಫ್ ಮಾಡಿ ತೆಗೆಯಿರಿ. ಫೈಲಿಗೆ ನಿಮ್ಮ ಹೆಸರಿಡಿ, ಇನ್ನೂರು ವಿಡಿಯೊಗಳ ನಡುವೆ ಬರೀ ಅಂಕಿಯ ಫೈಲು ಯಾರದು ಅಂತ ಯಾರು ಹುಡುಕುತ್ತಾರೆ? ಹೊಸ ನಾಟಕ ಮಾಡಿದಾಗಲೋ ಕುದುರೆ ಸವಾರಿ ಕಲಿತಾಗಲೋ ಇನ್ನೊಂದು ಮೆಸೇಜು ಹಾಕಿ. ಹೇಳೋಕೆ ಸುದ್ದಿ ಇಲ್ಲದಿದ್ದರೆ ಸುಮ್ಮನಿರುವುದೂ ಒಂದು ಮರ್ಯಾದೆ.

ತಪ್ಪು ನಮ್ಮ ಕಡೆಯದೂ ಇದೆ. ಒಬ್ಬ ಹುಡುಗನಿಗೆ ಆಡಿಷನ್ ಮುಗಿದ ಖುಷಿಯಲ್ಲಿ 'ಮುಂದಿನ ಪ್ರಾಜೆಕ್ಟಿಗೆ ನೀನೇ' ಅಂದುಬಿಟ್ಟೆ. ಅವನು ಅದನ್ನು ನಂಬಿ ಮೆಡಿಕಲ್ ಸ್ಟೋರಿನ ಕೆಲಸ ಬಿಟ್ಟ. ಪ್ರಾಜೆಕ್ಟ್ ನಿಂತುಹೋಯಿತು. ಅವನಿಗೆ ಫೋನ್ ಮಾಡಿ ಹೇಳುವ ಧೈರ್ಯ ಬರಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವನು ಊರಿಗೆ ಹೋಗಿದ್ದ. ಅಂದಿನಿಂದ ಅಡ್ವಾನ್ಸು ಕೈಗೆ ಬರುವವರೆಗೆ ಯಾವ ಮಾತನ್ನೂ ಪಾತ್ರ ಅಂದುಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನನ್ನ ಮಾತೂ ಅದರಲ್ಲಿ ಸೇರಿತು.

ದುಡ್ಡು ಕೇಳಿದವರು ಕೆಲಸ ಕೊಡುವವರಲ್ಲ. ರಿಜಿಸ್ಟ್ರೇಷನ್, ಕಾರ್ಡು, 'ನಮ್ಮಲ್ಲೇ ಪೋರ್ಟ್‌ಫೋಲಿಯೊ ಮಾಡಿಸಬೇಕು' ಅಂದ ಕೂಡಲೇ ಎದ್ದು ಬನ್ನಿ. ಸಂಬಳ ಆ ಕಡೆಯಿಂದ ಈ ಕಡೆಗೆ ಬರಬೇಕು. 'ಅಡ್ಜಸ್ಟ್' ಅನ್ನುವ ಪದ ಕಿವಿಗೆ ಬಿದ್ದರೂ ಅಷ್ಟೆ, ಮಾತುಕತೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬನ್ನಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಇದೆ. ದೂರು ಕೊಡುವ ಹೆಣ್ಣುಮಗಳು ಅಲ್ಲಿ ನೌಕರಿಯಲ್ಲಿ ಇರಲೇಬೇಕು ಅಂತಿಲ್ಲ. ಹತ್ತು ಜನಕ್ಕಿಂತ ಕಮ್ಮಿ ಇದ್ದು ಆಂತರಿಕ ಸಮಿತಿ ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬಹುದು. ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳ ಒಳಗೆ ದೂರು ಕೊಡಬೇಕು. 'ಹಾಗೆ ಮಾಡಿದ್ರೆ ಯಾರೂ ಕರೆಯಲ್ಲ' ಅಂತ ಹೆದರಿಸುವವರು ಇರುತ್ತಾರೆ, ಆದರೆ ಅಂಥವರ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿರುವುದೇ ಲೇಸು.

ಆ ಕಾನ್‌ಸ್ಟೆಬಲ್ಲು ಬೆಳಿಗ್ಗೆ ಆರೂ ಕಾಲಿಗೇ ಬಂದಿದ್ದರು, ಮೀಸೆ ಸಮೇತ. ಮಾತು ಬಾಯಿಗೆ ಬಂದಿತ್ತು. ಎರಡನೇ ಟೇಕಿನಲ್ಲಿ ಇನ್‌ಸ್ಪೆಕ್ಟರ್ ಪಾತ್ರದವರು ಡೈಲಾಗ್ ಮರೆತಾಗ ಇವರು 'ಸಾರ್, ಫೈಲು' ಅಂತ ಸೇರಿಸಿ ಆ ಫೈಲನ್ನು ಮುಂದಿಟ್ಟರು. ಮರೆತವರಿಗೆ ಉಸಿರು ಬಂತು, ಟೇಕು ಓಕೆ ಆಯಿತು. ಪ್ಯಾಕಪ್ ಆದಮೇಲೆ ಕಾಸ್ಟ್ಯೂಮ್ ಕೋಣೆಯ ಹತ್ತಿರ ಹೋಗಿದ್ದೆ. ಖಾಕಿ ಅಂಗಿ ಮಡಚಿತ್ತು, ಮೇಲೆ ಬೆಲ್ಟು ಸುತ್ತಿಟ್ಟಿತ್ತು. 'ಟೋಪಿ ನನಗೆ ದೊಡ್ಡದಾಗಿತ್ತಣ್ಣ, ಒಳಗೆ ಪೇಪರ್ ಇಟ್ಕೊಂಡಿದ್ದೆ, ತೆಗೆದಿದೀನಿ' ಅನ್ನುತ್ತಿದ್ದರು. ನಾನು ಫೋನ್ ತೆಗೆದು ಅವರ ಹೆಸರಿನ ಬಾಲ ಉದ್ದ ಮಾಡಿದೆ: 'ಬಟ್ಟೆ ಮಡಚುತ್ತಾರೆ. ಪೊಲೀಸ್. ಎದುರಿನವರು ಮರೆತರೆ ಕಾಪಾಡುತ್ತಾರೆ.'